ಒಂದು ಪ್ರಶ್ನೆ ಹೊತ್ತು ಕುರಿಗಳ ದೇಶಕ್ಕೆ

ಆಕ್ಲೆಂಡ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿನಲ್ಲಿ ನನ್ನನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ಜೋಲು ಕಿವಿಯ ಗಿಡ್ಡ ನಾಯಿ, ಮೈಮೇಲೆ ಒಂದು ಅಂಗಿ ಬೇರೆ. ವಿಮಾನದಿಂದ ಇಳಿದವರ ಸಾಲಿನಲ್ಲಿ ಎಲ್ಲರ ಚೀಲವನ್ನೂ ಮೂಸುತ್ತ ಬಂದು ನನ್ನ ಚೀಲದ ಮುಂದೆ ಕುಳಿತುಬಿಟ್ಟಿತು. ಅದರ ಸಾಹೇಬರು ಕರೆದರೂ ಏಳಲಿಲ್ಲ.

"ಹನುಮಕ್ಕ, ಏನು ತುಂಬೀಯವ್ವಾ ಅದ್ರಾಗ?" ಎಂದರು ಕೊಟ್ರಪ್ಪ ಮೇಷ್ಟ್ರು.

"ಕಂಬಳಿ ಐತ್ರಿ ಸಾರ್. ಸಜ್ಜಿ ರೊಟ್ಟಿ ಅದಾವು, ಶೇಂಗಾ ಚಟ್ನಿ ಐತಿ."

"ನಾಯಿ ರೊಟ್ಟಿಗೆ ಕುಂತೈತೋ, ಕಂಬಳಿಗೆ ಕುಂತೈತೋ ಅದನ್ನಾದ್ರೂ ಕೇಳು."

ನಾಯಿ ಕಂಬಳಿಗೇ ಕುಳಿತಿತ್ತು. ಉಡುಗೊರೆ ಕೊಡಲೆಂದು ನಮ್ಮ ಕುರಿಯ ಉಣ್ಣೆಯಲ್ಲೇ ನೇಯಿಸಿದ ಕರಿ ಕಂಬಳಿ ಅದು. ಎಷ್ಟು ಒಗೆದರೂ ಕುರಿಯ ವಾಸನೆ ಹೋಗಿರಲಿಲ್ಲ. ಅಧಿಕಾರಿಯೊಬ್ಬರು ಅದನ್ನು ಮೇಜಿನ ಮೇಲೆ ಹರವಿ, ದೀಪ ಹಿಡಿದು ನೋಡಿ, ಚಿಮಟಿಗೆಯಿಂದ ಒಂದು ಉತ್ತರಾಣಿ ಬೀಜ ಎತ್ತಿದರು. ಆಮೇಲೆ ಇನ್ನೊಂದು. ಆಮೇಲೆ ನೆಗ್ಗಿಲ ಮುಳ್ಳು. ಪರದೇಶದ ಒಂದು ಬೀಜವೂ ತಮ್ಮ ನೆಲಕ್ಕೆ ಬೀಳಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ಅವರು ಆರಿಸುವುದು ತೀರ ನಿಧಾನ. ನನಗೆ ತಡೆಯಲಾಗಲಿಲ್ಲ. ಎದುರಿಗೆ ನಿಂತು ಉಗುರಿನಿಂದ ನಾನೂ ಆರಿಸತೊಡಗಿದೆ. ಹುಟ್ಟಿದಾಗಿನಿಂದ ಮಾಡಿದ ಕೆಲಸ. ಆ ಅಧಿಕಾರಿ ನನ್ನ ಕೈಯನ್ನೇ ನೋಡಿ ನಕ್ಕು, ಚಿಮಟಿಗೆ ಕೆಳಗಿಟ್ಟು, ತಾವೂ ಉಗುರು ಹಚ್ಚಿದರು. ಕುರಿ ಕೂಡಿಹಾಕುವ ರೊಪ್ಪದ ಮುಂದೆ ಕುಳಿತ ಓರಗಿತ್ತಿಯರ ಹಾಗೆ ನಾವಿಬ್ಬರೂ ಕಂಬಳಿ ಹಸನು ಮಾಡಿದೆವು.

ನನ್ನ ಚಪ್ಪಲಿಯ ತಳದಲ್ಲಿ ಕೆಮ್ಮಣ್ಣು ಇತ್ತು. ಅದನ್ನು ಒಳಗೆ ಒಯ್ದು ತೊಳೆದು, ಒರೆಸಿ, ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟರು. ಮದುವೆಯಾಗಿ ಬಂದಂದಿನಿಂದ ನನ್ನ ಚಪ್ಪಲಿಯನ್ನು ಇನ್ನೊಬ್ಬರು ತೊಳೆದದ್ದು ಅದೇ ಮೊದಲು. ರೊಟ್ಟಿ ಚಟ್ನಿಗೆ ಬಿಡುಗಡೆ ಸಿಕ್ಕಿತು. ನಮ್ಮ ಜೊತೆಗಿದ್ದ ರೇಣುಕಾ ಮೇಡಂ ಮುಡಿಯಲ್ಲಿದ್ದ ಹಡಗಲಿ ಮಲ್ಲಿಗೆಗೆ ಮಾತ್ರ ಸಿಗಲಿಲ್ಲ. ಬಾಡಿ ಕಂದಾಗಿದ್ದರೂ ಅದು ಹೂವೇ ಎಂದು ಡಬ್ಬಿಗೆ ಹಾಕಿಸಿದರು.

"ಹೂವು ಹೋತಲ್ಲಕ್ಕಾ" ಎಂದು ಮೇಡಂ ಊರು ಮುಟ್ಟುವತನಕ ಹೇಳುತ್ತಲೇ ಇದ್ದರು.

ಹಿಂದೆ ಬಿಟ್ಟು ಹೋದದ್ದು

ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಅಂಗನವಾಡಿ ಟೀಚರು ಅಷ್ಟು ದೂರ ಹೋದದ್ದು ಯಾಕೆಂದು ಹೇಳಬೇಕು.

ನಮ್ಮವರು, ನನ್ನ ಯಜಮಾನರು, ಕುರಿ ಸಾಕಿದವರು. ಹೋದ ವರ್ಷ ಯುಗಾದಿ ಕಳೆದ ಮೇಲೆ, ಒಂದು ಬೆಳಿಗ್ಗೆ ರೊಪ್ಪದಿಂದ ಬಂದು, ಎದೆ ಹಿಡಿದಂಗಾಗ್ತೈತಿ ಎಂದು ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಅವರಿಗೆ ಒಂದು ಟಗರಿತ್ತು, ಹೆಸರು ಸರದಾರ. ಅವರನ್ನು ಬಿಟ್ಟರೆ ಯಾರನ್ನೂ ಹತ್ತಿರ ಸೇರಿಸದು. ಮೇವು ಹಾಕಲು ಹೋದ ನನ್ನನ್ನೇ ಎರಡು ಸಲ ಗುದ್ದಿ ಕೆಡವಿತ್ತು. ಅವರ ತಮ್ಮ, ನನ್ನ ಮೈದುನ ಓಬಳೇಶ, ಕೋಲು ಹಿಡಿದೇ ಅದರ ಹತ್ತಿರ ಹೋಗುತ್ತಿದ್ದ.

ಅವರು ತೀರಿಕೊಂಡ ಮೂರನೆಯ ತಿಂಗಳಿಗೆ ಸರದಾರ ಕಳುವಾಯಿತು.

ಕದ್ದವನೆಂದು ಹದಿನಾರರ ಹುಡುಗನೊಬ್ಬನನ್ನು ಪೊಲೀಸರು ಹಿಡಿದರು. ಹರಪನಹಳ್ಳಿ ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅವನು ಸಿಕ್ಕಿದ್ದ. ಆ ಚಿತ್ರವನ್ನು ಠಾಣೆಯಲ್ಲಿ ನನಗೂ ತೋರಿಸಿದರು. ಹುಡುಗ ಮುಂದೆ, ಟಗರು ಹಿಂದೆ. ಹಗ್ಗ ನೆಲಕ್ಕೆ ಜೋತು ಬಿದ್ದಿತ್ತು, ಎಳೆಯುವುದೇ ಬೇಕಿರಲಿಲ್ಲ. ಆಕಳ ಹಿಂದೆ ಕರು ಹೋದಂತೆ ಹೋಗುತ್ತಿತ್ತು ಸರದಾರ. ಹುಡುಗ ಅದನ್ನು ಯಾರೋ ದೊಡ್ಡವನಿಗೆ ಒಪ್ಪಿಸಿದ್ದ. ಅಲ್ಲಿಂದ ಮುಂದೆ ಟಗರು ಸಿಗಲಿಲ್ಲ.

ಟಗರು ಹೋಯಿತೆಂಬ ದುಃಖಕ್ಕಿಂತ ಆ ಜೋತು ಬಿದ್ದ ಹಗ್ಗ ನನ್ನನ್ನು ಕೊರೆಯಿತು. ಗೊತ್ತಿರುವವರು ಯಾರೋ ಬಿಚ್ಚಿ ಕೊಟ್ಟಿರಬೇಕು, ಪಳಗಿಸಿ ಕಳಿಸಿರಬೇಕು ಎಂದು ಊರು ಮಾತಾಡಿತು. ಗೊತ್ತಿರುವವರೆಂದರೆ ಯಾರು? ಓಬಳೇಶನೇ. ಅವನು ಒಂದು ದಿನ ನನ್ನ ಬಾಗಿಲಿಗೆ ಬಂದು, "ಅತ್ತಿಗಿ, ನೀನೂ ಹಂಗಾ ಅಂತೀಯೇನು?" ಎಂದ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಹೊರಟುಹೋದ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ನಡುವೆ ಮಾತು ನಿಂತಿತು.

ಬಾಲನ್ಯಾಯ ಮಂಡಳಿಗೆ ನನ್ನನ್ನು ಸಾಕ್ಷಿಗೆ ಕರೆಸಿದ್ದರು. ಅಲ್ಲಿದ್ದವರು ಒಳ್ಳೆಯವರೇ, ನನಗೆ ಕುರ್ಚಿ ಕೊಟ್ಟರು. ಟಗರು ನಿಮ್ಮದೇನಮ್ಮಾ ಎಂದರು, ಹೌದೆಂದೆ. ಅಷ್ಟೇ. ಹುಡುಗ ಗೋಡೆಗೆ ಮುಖ ಮಾಡಿ ನಿಂತಿದ್ದ. 'ಅದು ನಿನ್ನ ಹಿಂದೆ ಹೆಂಗ ಬಂತು?' ಎಂದು ಕೇಳಬೇಕಿತ್ತು ನನಗೆ. ಕೇಳುವ ಜಾಗ ಅಲ್ಲಿರಲಿಲ್ಲ.

ರೇಣುಕಾ ಮೇಡಂ ಇಂಥ ಹುಡುಗರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯವರು. ಹಗರಿಬೊಮ್ಮನಹಳ್ಳಿಯಲ್ಲಿ ಅವರ ಕಚೇರಿ. ಎರಡೂ ಮನೆಯವರು ಒಪ್ಪಿದರೆ ಎದುರುಬದುರು ಕೂರಿಸಿ ಮಾತಾಡಿಸುತ್ತೇವೆ, ಮಂಡಳಿಯವರೂ ಒಪ್ಪಿದ್ದಾರೆ ಎಂದು ಅವರು ನನ್ನ ಮನೆಗೆ ಬಂದು ಕೇಳಿದರು. ನಾನು ನೋಡೋಣ ಎಂದೆ. ಮತ್ತೆ ಬಂದಾಗಲೂ ಅದನ್ನೇ ಎಂದೆ. ಹುಡುಗನ ಬಾಯಿಂದ ಓಬಳೇಶನ ಹೆಸರೇ ಬಂದರೆ ಏನು ಮಾಡಲಿ? ಇದ್ದ ಒಬ್ಬ ಮೈದುನನೂ ಹೋದಂತೆ.

ಈ ಪದ್ಧತಿ ಮೊದಲಿನಿಂದ ನಡೆಯುವ ದೇಶಕ್ಕೆ ಮೇಡಂ ಹೊರಟಾಗ, ಕಳಕೊಂಡವರೊಬ್ಬರನ್ನೂ ಕರೆತನ್ನಿ ಎಂದು ಅಲ್ಲಿಯವರು ಕೇಳಿದ್ದರಂತೆ. "ಬರ್ರಿ ಅಕ್ಕಾ, ಬರೇ ನೋಡಿ ಬರೋಣ. ಬಂದ ಮ್ಯಾಲೆ ಬ್ಯಾಡ ಅಂದ್ರೂ ನಡಿತೈತಿ" ಎಂದರು. ಇಂಗ್ಲಿಷಿಗೆಂದು ಕೊಟ್ಟೂರಿನ ನಿವೃತ್ತ ಹೆಡ್ ಮೇಷ್ಟ್ರು ಕೊಟ್ರಪ್ಪನವರು ಜೊತೆಯಾದರು. ಹೈಸ್ಕೂಲು ಓದುವಾಗ ನಾನು ಅವರ ವಿದ್ಯಾರ್ಥಿನಿ. ಈಗಲೂ ಅವರು ನನಗೆ ಕಾಲು ನೀಡಿ ಕೂರಬೇಡ ಎನ್ನುತ್ತಾರೆ.

ಹಸಿರು ದಾರಿ

ದಾರಿಯುದ್ದಕ್ಕೂ ಕುರಿ. ಗುಡ್ಡದ ಮೇಲೆ, ಇಳಿಜಾರಿನಲ್ಲಿ, ಮನೆಗಳ ಹಿಂದೆ. ನಾನು ಕಿಟಕಿಗೆ ಮೂಗು ಒತ್ತಿ ಕುರುಬನನ್ನು ಹುಡುಕಿದೆ. ಒಬ್ಬನೂ ಇಲ್ಲ. ತಂತಿಬೇಲಿ ಹಾಕಿ, ಕುರಿಗಳನ್ನು ದೇವರ ಮೇಲೆ ಬಿಟ್ಟು ಮಾಲೀಕರು ಮನೆಗೆ ಹೋಗುತ್ತಾರಂತೆ.

"ತೋಳ ಬರಾಂಗಿಲ್ಲೇನ್ರಿ?" ಎಂದೆ.

ಮೇಷ್ಟ್ರು ಡ್ರೈವರನ್ನು ಇಂಗ್ಲಿಷಿನಲ್ಲಿ ಕೇಳಿ ತಿರುಗಿ ಹೇಳಿದರು: "ತೋಳನೂ ಇಲ್ಲ, ಹಾವೂ ಇಲ್ಲಂತ. ಕುರಿಯಾಗಿ ಇಲ್ಲಿ ಹುಟ್ಟಬೇಕವ್ವಾ."

ಆದರೆ ಬಾಲ ಕತ್ತರಿಸಿರುತ್ತಾರೆ. ಒಂದಕ್ಕೂ ಹೆಸರಿಲ್ಲ, ಕಿವಿಗೆ ನಂಬರು. ನಮ್ಮವರಿದ್ದಿದ್ದರೆ ಗಾಡಿ ನಿಲ್ಲಿಸಿ, ಬೇಲಿ ಹಾರಿ, ಒಂದರ ಬಾಯಿ ತೆಗೆದು ಹಲ್ಲು ಎಣಿಸದೆ ಬರುತ್ತಿರಲಿಲ್ಲ. ಅದನ್ನು ನೆನೆದು ನಗು ಬಂತು. ಅವರನ್ನು ನೆನೆದು ನಕ್ಕದ್ದು ಬಹಳ ದಿನಗಳ ಮೇಲೆ. ನಕ್ಕ ಮೇಲೆ ತಪ್ಪೇನೋ ಎನಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ನಾವು ಇಳಿದದ್ದು ಒಂದು ಸಣ್ಣ ಊರು. ಅಲ್ಲಿಯ ಜನರ ಎರಡು ರೂಢಿ ನನಗೆ ಬಹಳ ಹಿಡಿಸಿದವು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಗಟ್ಟಿಯಾಗಿ ಥ್ಯಾಂಕ್ಯೂ ಕೂಗಿ ಇಳಿಯುತ್ತಾರೆ, ಶಾಲೆ ಮಕ್ಕಳು ಕೂಡ. ನಮ್ಮ ಕಡೆ ಡ್ರೈವರಿಗೆ ಕೂಗುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಇನ್ನೊಂದು, ದೊಡ್ಡ ದೊಡ್ಡ ಅಂಗಡಿಗಳಿಗೂ ಜನ ಬರಿಗಾಲಲ್ಲಿ ಬರುತ್ತಾರೆ. ತೋಟದ ಕೆಲಸದ ನಡುವೆ ಎದ್ದು ಬಂದಂತೆ, ಮೊಣಕಾಲುದ್ದದ ಚಡ್ಡಿ, ಕೆಸರು ಪಾದ. ನನಗೆ ಮೇಷ್ಟ್ರು ಬಲವಂತವಾಗಿ ಹೊಸ ಬೂಟು ಕೊಡಿಸಿದ್ದರು, ಅದು ಹಿಮ್ಮಡಿ ಕಡಿಯುತ್ತಿತ್ತು. ಒಂದು ಅಂಗಡಿಯ ಬಾಗಿಲಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದು ನಡೆದೆ.

"ಹನುಮಕ್ಕ, ಏನಿದು?"

"ಈ ಊರ ಪದ್ಧತಿ ರೀ ಸಾರ್" ಎಂದೆ. ಪಾಠ ಒಪ್ಪಿಸಿದ ಹಾಗೆ.

ಮೇಷ್ಟ್ರಿಗೆ ಊಟದ್ದೇ ಕಷ್ಟ. ಅವರು ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟರು. ಆ ಸೀಮೆಯಲ್ಲಿ ಗೆಣಸು ಬಹಳ. ಬೆಳಿಗ್ಗೆ ಬೇಯಿಸಿದ ಗೆಣಸು, ಮಧ್ಯಾಹ್ನ ಸುಟ್ಟ ಗೆಣಸು, ರಾತ್ರಿ ಕರಿದ ಗೆಣಸು.

"ನಮ್ ಸಾರಿಗೆ ದಿನಾ ಶಿವರಾತ್ರಿ" ಎಂದರು ಮೇಡಂ.

"ಶಿವರಾತ್ರಿಗೆ ಗೆಣಸು ಒಂದೇ ದಿನ ತಿಂತಾರಮ್ಮಾ. ಶಿವನೂ ಇಷ್ಟು ಕೇಳಿಲ್ಲ" ಎಂದು ಮೇಷ್ಟ್ರು ಇನ್ನೊಂದು ತುಂಡು ತೆಗೆದುಕೊಂಡರು.

ಮರಾಯೆಯ ಅಂಗಳ

ಆ ನೆಲದ ಮೂಲ ಜನ ಮಾವೊರಿಗಳು. ಊರಿಗೊಂದು ಸಭಾಮನೆ, ಅದರ ಮುಂದೆ ಬಯಲು, ಅದಕ್ಕೆ ಮರಾಯೆ ಎನ್ನುತ್ತಾರೆ. ತಪ್ಪು ಮಾಡಿ ಸಿಕ್ಕಿಬಿದ್ದವರಲ್ಲಿ ತಮ್ಮ ಮಕ್ಕಳೇ ಹೆಚ್ಚು ಎಂಬುದು ಅವರ ಹಳೆಯ ಸಂಕಟ. ಅದಕ್ಕೇ ಈಗ ಕೆಲವು ಊರುಗಳಲ್ಲಿ ಹುಡುಗರನ್ನು ಕೋರ್ಟಿನ ಕಟ್ಟಡಕ್ಕೆ ಒಯ್ಯುವ ಬದಲು, ನ್ಯಾಯಾಧೀಶರೇ ಈ ಅಂಗಳಕ್ಕೆ ಬರುತ್ತಾರೆ. ಅದಕ್ಕೂ ಮೊದಲು ಹುಡುಗನ ಮನೆಯವರು, ನಷ್ಟಪಟ್ಟವರು, ಪೊಲೀಸರು ಒಟ್ಟಿಗೆ ಕುಳಿತು, ಆದದ್ದನ್ನು ಸರಿಪಡಿಸಲು ಅವನು ಏನೇನು ಮಾಡಬೇಕೆಂದು ಒಪ್ಪಂದ ಮಾಡಿರುತ್ತಾರೆ. ಅದು ನಡೆದಿದೆಯೋ ಇಲ್ಲವೋ ನೋಡುವುದು ಈ ಅಂಗಳದ ಕೋರ್ಟಿನ ಕೆಲಸ.

ಅಲ್ಲಿಗೆ ಯಾರೂ ಸುಮ್ಮನೆ ನಡೆದು ಹೋಗುವಂತಿಲ್ಲ. ಬಾಗಿಲಾಚೆ ನಿಂತಿರಬೇಕು. ಒಳಗಿನಿಂದ ಒಬ್ಬ ಅಜ್ಜಿ ಕೂಗಿ ಕರೆಯುತ್ತಾಳೆ. ಹಾಡೂ ಅಲ್ಲ, ಅಳುವೂ ಅಲ್ಲ, ಗುಡ್ಡದಿಂದ ಗುಡ್ಡಕ್ಕೆ ಕರೆದಂಥ ಉದ್ದದ ದನಿ. ಆಗ ಬಂದವರು ಮೆಲ್ಲಗೆ ಹೆಜ್ಜೆ ಹಾಕಬೇಕು, ಹೆಂಗಸರು ಮುಂದೆ.

ನಾನು ರೂಢಿಯಂತೆ ಹಿಂದೆ ಸರಿದು ನಿಂತೆ. ಇವರು ಹೋದ ಮೇಲೆ ಮನೆ ತುಂಬಿಸುವುದಿರಲಿ, ತೊಟ್ಟಿಲಿರಲಿ, ನನ್ನ ಜಾಗ ಹಿಂದೆಯೇ. ಯಾರೂ ಹೇಳಿರಲಿಲ್ಲ, ನಾನೇ ಸರಿದಿದ್ದೆ. ಮೇಡಂ ನನ್ನ ತೋಳು ಹಿಡಿದು ಎಳೆದರು. "ಅಕ್ಕಾ, ನಮ್ಮೊಳಗ ದೊಡ್ಡ ಹೆಣಮಗಳು ನೀವಾ. ನೀವು ಮುಂದ ಹೋಗದಿದ್ರ ಯಾರೂ ಒಳಗ ಹೋಗಂಗಿಲ್ಲಂತ." ಎಲ್ಲರೂ ನನ್ನ ಬೆನ್ನ ಹಿಂದೆ ಕಾಯುತ್ತಿದ್ದರು. ಹೋದೆ.

ಅಂಗಳದ ನಡುವೆ ಒಂದು ಕ್ಷಣ ಎಲ್ಲರೂ ನಿಂತು ತಲೆ ತಗ್ಗಿಸಿದರು. ಬಂದವರು ತಮ್ಮ ಸತ್ತವರನ್ನೂ ಜೊತೆಗೆ ಕರೆತಂದಿರುತ್ತಾರೆ, ಮೊದಲು ಅವರಿಗೆ ನಮಸ್ಕಾರ, ಆಮೇಲೆ ಬದುಕಿದವರಿಗೆ ಎಂಬುದು ಅವರ ರೀತಿ. ಮೇಷ್ಟ್ರು ಕಿವಿಯಲ್ಲಿ ಇದನ್ನು ಹೇಳಿದಾಗ ನಾನು ಪರ್ಸಿನಿಂದ ನಮ್ಮವರ ಸಣ್ಣ ಫೋಟೊ ತೆಗೆದು ಮುಷ್ಟಿಯಲ್ಲಿ ಹಿಡಿದೆ. ಕೂಗಿ ಕರೆದ ಅಜ್ಜಿ ಅದನ್ನು ನೋಡಿಬಿಟ್ಟಳು. ಕೇಳಿ ಇಸಕೊಂಡು, ಸಭಾಮನೆಯ ಗೋಡೆಯಲ್ಲಿ ತಮ್ಮ ಹಿರಿಯರ ಫೋಟೊಗಳ ಸಾಲಿನ ಕೆಳಗೆ ಇಟ್ಟಳು. ನಾನು ಆ ಅಂಗಳದಲ್ಲೇ ಅತ್ತೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ. ಅಳುವುದು ಅಲ್ಲಿ ಸ್ವಾಗತದ ಒಂದು ಭಾಗವೇ ಆಗಿತ್ತು. ಅತ್ತು ಮುಗಿಸಿ ಮೂಗು ಒರೆಸಿಕೊಂಡೆ, ಎಲ್ಲವೂ ಮುಂದುವರಿಯಿತು.

ಮುಂದೆ ನನ್ನದೇ ಒಂದು ಅವಾಂತರ. ಅವರಲ್ಲಿ ಭೇಟಿಯೆಂದರೆ ಮೂಗಿಗೆ ಮೂಗು, ಹಣೆಗೆ ಹಣೆ ಮುಟ್ಟಿಸುವುದು. ನನ್ನ ಎದುರಿಗೆ ನಿಂತ ಹಿರಿಯಜ್ಜ ಮುಖ ಮುಂದೆ ಬಾಗಿಸಿದರು. ಹಿರಿಯರೆಂದು ನಾನು ಅದೇ ಹೊತ್ತಿಗೆ ಕಾಲು ಮುಟ್ಟಲು ಬಾಗಿದೆ. ನನ್ನ ನೆತ್ತಿ ಅವರ ಗದ್ದಕ್ಕೆ ಢಣ್ ಎಂದು ಬಡಿಯಿತು. ಅಜ್ಜ ಗದ್ದ ಹಿಡಿದುಕೊಂಡು ಏನೋ ಅಂದರು, ಅಂಗಳವೆಲ್ಲ ನಕ್ಕಿತು.

"ಏನಂದ್ರು ಸಾರ್?"

"ಇಷ್ಟು ಗಟ್ಟಿ ತಲೆ ಇರೋರು ನಮ್ಮ ಸಂಬಂಧಿಕರೇ ಇರಬೇಕು ಅಂದ್ರು."

ಅವರ ಕಡೆಯವರು ಭಾಷಣ ಮಾಡಿದ ಮೇಲೆ ಒಂದು ಹಾಡು ಹಾಡಿದರು. ನಮ್ಮ ಪರವಾಗಿ ಮೇಷ್ಟ್ರು ಚೆಂದ ಮಾತಾಡಿ ಕುಳಿತರು. ಆದರೂ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹಾಡಿಲ್ಲದ ಮಾತು ಅಲ್ಲಿ ಅರ್ಧ ಮಾತು. ಮೇಷ್ಟ್ರು ಮೇಡಂ ಕಡೆ ನೋಡಿದರು, ಮೇಡಂ ನನ್ನ ಕಡೆ. ನನಗೆ ಗೊತ್ತಿದ್ದ ಸೋಬಾನೆ ಪದಗಳನ್ನೆಲ್ಲ ನಾನು ಬಾಯಿಂದ ಬಿಟ್ಟು ವರ್ಷವಾಗಿತ್ತು. ಗಂಟಲಿಗೆ ಬಂದದ್ದು ಅಂಗನವಾಡಿಯ ಹಾಡು. ಅಮ್ಮ ಕೋಳಿ ಅಂಗಳಕ್ಕೆ, ಮರಿ ಕೋಳಿ ಹಿಂದ್ಹಿಂದೆ ಎಂದು ಶುರುಮಾಡಿದೆ. ಅದನ್ನು ಕೈ ಆಡಿಸದೆ ಹಾಡಲು ನನಗೆ ಬರುವುದಿಲ್ಲ. ರೆಕ್ಕೆ ಬಡಿದೆ, ಕಾಳು ಕುಕ್ಕಿದೆ. ಎರಡನೆಯ ಸುತ್ತಿಗೆ ಎದುರಿನ ಹೆಂಗಸರೆಲ್ಲ ರೆಕ್ಕೆ ಬಡಿಯುತ್ತಿದ್ದರು. ಗದ್ದ ಹಿಡಿದುಕೊಂಡಿದ್ದ ಅಜ್ಜನೂ ಕುಕ್ಕಿದರು. ಕಂಬಳಿಯನ್ನು ಆಗಲೇ ಕೊಟ್ಟೆ. ಅಜ್ಜಿ ಹೊದ್ದುಕೊಂಡು ಮೂಸಿ, "ಕುರಿ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಅಷ್ಟು ನನಗೂ ತಿಳಿಯಿತು.

ಅಂಗಳದ ಕೋರ್ಟು

ಮರುದಿನ ಹುಡುಗನ ಮತ್ತು ಅವನ ಮನೆಯವರ ಒಪ್ಪಿಗೆ ಪಡೆದು ನಮ್ಮನ್ನು ಒಳಗೆ ಕೂರಿಸಿಕೊಂಡರು. ಅವನ ಹೆಸರು ಬರೆಯುವಂತಿಲ್ಲ. ಇನ್ನೊಬ್ಬರ ಕಾರು ಒಯ್ದು ಕಂಬಕ್ಕೆ ಗುದ್ದಿದವನು. ನ್ಯಾಯಾಧೀಶರಿಗೆ ಎತ್ತರದ ಪೀಠವಿಲ್ಲ, ನಮ್ಮ ಸಮಕ್ಕೇ ಕುರ್ಚಿ. ಅವರ ಪಕ್ಕದಲ್ಲಿ ನಿನ್ನೆಯ ಅಜ್ಜ ಅಜ್ಜಿ.

ಅಪರಾಧದ ಸಂಗತಿ ಮೊದಲಿಗೇ ಬರಲಿಲ್ಲ. ಹುಡುಗ ಎದ್ದು ನಿಂತು, ನನ್ನ ಬೆಟ್ಟ ಇಂಥದು, ನನ್ನ ಹೊಳೆ ಇಂಥದು, ನಾನು ಇಂಥವರ ಮೊಮ್ಮಗ ಎಂದು ತನ್ನ ಭಾಷೆಯಲ್ಲಿ ಹೇಳಬೇಕು. ಹೋದ ಸಲ ಹೊಳೆಯ ಹೆಸರು ಮರೆತಿದ್ದನಂತೆ. ಈ ಸಲ ಬೆವರುತ್ತ ಎಲ್ಲವನ್ನೂ ಹೇಳಿದ. ಕೂಡಲೇ ಅಜ್ಜ ಎದ್ದು, ನಿನ್ನ ಮುತ್ತಜ್ಜನೂ ನನ್ನ ಅಪ್ಪನೂ ಒಂದೇ ದೋಣಿಯಲ್ಲಿ ಮೀನಿಗೆ ಹೋದವರು ಎಂದರು. ಹುಡುಗನ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಬೆನ್ನು ನೆಟ್ಟಗಾದ ಮೇಲೆ ಬೈಗುಳ ಶುರುವಾಯಿತು. ಕಾರಿನ ಮಾಲೀಕನ ಬೇಲಿಗೆ ಬಣ್ಣ ಹಚ್ಚಿದೆಯಾ? ಮುಂದಿನ ಬೇಲಿಗೆ ಹಚ್ಚಿದೆ. ಶಾಲೆಗೆ ಹೋದೆಯಾ? ಹೋದೆ. ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತೀ ಎಂದಾಗ ಅವನ ಚಿಕ್ಕಮ್ಮ ಎದ್ದು, ಇವನು ಏಳುವುದಿಲ್ಲ ಸ್ವಾಮಿ, ನಾನು ನೀರು ಎರಚುತ್ತೇನೆ ಎಂದಳು. ನ್ಯಾಯಾಧೀಶರೂ ನಕ್ಕರು. ಆದರೆ ಬಣ್ಣ ಹಚ್ಚದೆ ಬಿಟ್ಟ ಹಿಂದಿನ ಬೇಲಿ ಮುಗಿಯುವತನಕ ಮತ್ತೆ ಬರಬೇಕೆಂದು ಹೇಳಿಯೇ ಕಳಿಸಿದರು.

ಆಮೇಲೆ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಕುಳಿತರು. ಅಜ್ಜಿ ನನ್ನ ಬೆಟ್ಟ ಹೊಳೆ ಕೇಳಿದಳು.

"ಬೆಟ್ಟ ಉಚ್ಚಂಗಿದುರ್ಗ. ನನ್ನ ತವರು ಅದರ ಬುಡದಾಗ. ಹೊಳಿ ಹಗರಿ. ಆದ್ರ ಅದ್ರಾಗ ನೀರಿಗಿಂತ ಉಸುಕು ಜಾಸ್ತಿ" ಎಂದೆ. ಮೇಷ್ಟ್ರು ಅನುವಾದಿಸಿದರು. ಅಜ್ಜಿ ನನ್ನ ಕೈ ತಟ್ಟಿ, ಮಲಗಿರುವ ಹೊಳೆಯೂ ಹೊಳೆಯೇ ಎಂದಳು.

ಹಂಸಾಬೆನ್ ಅಂಗಡಿ

ಊಟಕ್ಕೆ ಚಪಾತಿ ತಂದಿದ್ದ ಹೆಂಗಸನ್ನು ಕಂಡು ಮೇಷ್ಟ್ರು ಅತ್ತೇಬಿಡುವವರಿದ್ದರು. ಗುಜರಾತಿನ ಹಂಸಾಬೆನ್. ಆ ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟು ಬಹಳ ವರ್ಷವಾಗಿದೆ. ಮರುದಿನ ನಮ್ಮನ್ನು ಅಂಗಡಿಗೆ ಕರೆದರು. ಅವರ ಹಿಂದಿ, ಸಂತೆಯಲ್ಲಿ ಕಲಿತ ನನ್ನ ಉರ್ದು, ಎರಡೂ ಸೇರಿ ಹೇಗೋ ನಡೆಯಿತು.

ಅವರ ಅಂಗಡಿಯ ಗಾಜನ್ನು ಹುಡುಗರು ಒಡೆದು ನುಗ್ಗಿದ್ದರು. ಮೂವರು ಸಿಕ್ಕಿಬಿದ್ದರು. ಎದುರು ಕೂರುತ್ತೀರಾ ಎಂದು ಕೇಳಿದಾಗ ಗಂಡ ಬೇಡವೆಂದರಂತೆ.

"ನೀವ್ಯಾಕೆ ಹೋದ್ರಿ?"

"ಒಂದು ಮಾತು ಕೇಳಬೇಕಿತ್ತು. ಇಷ್ಟು ಅಂಗಡಿಗಳಿವೆ, ನಮ್ಮದೇ ಯಾಕೆ ಅಂತ. ನಾವು ಹೊರಗಿನವರು, ಅದಕ್ಕೇ ಅಂತ ನನ್ನ ಮನಸ್ಸು ಹೇಳ್ತಿತ್ತು. ಬಾಗಿಲಿಗೆ ಯಾರು ಬಂದ್ರೂ ಎದೆ ಹೊಡಕೊಳ್ತಿತ್ತು."

"ಏನಂದ್ರು?"

ಹಂಸಾಬೆನ್ ನಗತೊಡಗಿದರು. ನಗು ಮುಗಿಯುವತನಕ ಕಾಯಬೇಕಾಯಿತು.

"ನಿಮ್ಮ ಬಾಗಿಲ ಮೇಲಿನ ಬಲ್ಬು ಸುಟ್ಟಿತ್ತು, ಕತ್ತಲಿತ್ತು ಅಂದ ಒಬ್ಬ! ಅಷ್ಟೇ ಅಕ್ಕಾ! ಮನೆಗೆ ಬಂದು ನನ್ನ ಗಂಡನಿಗೆ ಮೊದಲು ಬೈದೆ. ಬಲ್ಬು ಹಾಕು ಅಂತ ತಿಂಗಳಿಂದ ಹೇಳಿದ್ದೆ."

ಎಲ್ಲವೂ ಹೀಗೇ ಒಳ್ಳೆಯದಾಗುವುದಿಲ್ಲ ಎಂದೂ ಅವರು ಹೇಳಿದರು. ಮೂವರಲ್ಲಿ ಒಬ್ಬ ಕೊನೆಯತನಕ ಬಾಯಿ ಬಿಡಲಿಲ್ಲ, ಮತ್ತೆ ಕಳ್ಳತನಕ್ಕೆ ಹೋದ. ಪಕ್ಕದ ಅಂಗಡಿಯವರು ಎದುರು ಕೂತು ಬಂದ ಮೇಲೂ ಸಿಟ್ಟಿನಲ್ಲೇ ಇದ್ದಾರೆ. "ಆದ್ರೆ ಕೇಳದಿದ್ರೆ ಉತ್ತರವನ್ನ ನಾವೇ ಹುಟ್ಟಿಸ್ತೀವಿ. ನಾವು ಹುಟ್ಟಿಸಿದ್ದು ನಿಜಕ್ಕಿಂತ ಕೆಟ್ಟದಾಗಿರ್ತದೆ" ಎಂದರು.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಓಬಳೇಶನಿಗೆ ಫೋನು ಹಚ್ಚಿದೆ. ಎತ್ತಿದ.

"ಓಬಳೇಶ, ಆ ಹುಡುಗನ್ನ ಎದುರಿಗೆ ಕುಂದ್ರಿಸಿ ಕೇಳ್ತೀನಿ. ನೀನೂ ಬರಬೇಕು."

"ಬರ್ತೀನಿ" ಎಂದ. ಒಂದು ಗಳಿಗೆಯೂ ಯೋಚಿಸಲಿಲ್ಲ. ಆಮೇಲೆ, "ಅತ್ತಿಗಿ, ಅಲ್ಲಿ ಕುರಿ ಹೆಂಗ ಅದಾವು?"

"ಬಾಲನಾ ಇಲ್ಲಲೇ ಅವಕ್ಕ."

"ಥೂ, ಅದೇನು ಕುರಿ" ಎಂದ. ಅಷ್ಟು ದೂರದಿಂದ ಅವನ ನಗು ಕೇಳಿಸಿತು.

ಹಗರಿಬೊಮ್ಮನಹಳ್ಳಿ

ಮೇಡಂ ಕಚೇರಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಕುಳಿತೆವು. ಎದುರಿಗೆ ಹುಡುಗ, ಅವನ ಪಕ್ಕದಲ್ಲಿ ಅಜ್ಜಿ. ತಂದೆತಾಯಿ ಇಲ್ಲದ ಅವನನ್ನು ಕೂಲಿ ಮಾಡಿ ಸಾಕಿದವಳು. ನನ್ನ ಪಕ್ಕದಲ್ಲಿ ಓಬಳೇಶ, ಒಗೆದ ಅಂಗಿ ತೊಟ್ಟು, ಮೊಣಕಾಲು ಹಿಡಿದುಕೊಂಡು. ಮೇಡಂ ಎಲ್ಲರಿಗೂ ಚಹಾ ಕೊಟ್ಟರು. ಯಾರೂ ಕುಡಿಯಲಿಲ್ಲ.

ಅಜ್ಜಿಯೇ ಬಾಯಿ ತೆಗೆದಳು. "ಬಾಯಿ ಸತ್ತೈತೇನಲೇ? ಟಗರು ಹೊಡಕೊಂಡು ಹೋಗಾಕ ಧೈರ್ಯ ಐತಿ, ಮಕ ಎತ್ತಾಕ ಇಲ್ಲಾ?"

"ನಾ ಒಂದೇ ಕೇಳ್ತೀನಪಾ" ಎಂದೆ. "ಸರದಾರ ಯಾರನ್ನೂ ಮುಟ್ಟಗೊಡ್ತಿರಲಿಲ್ಲ. ನಿನ್ನ ಹಿಂದ ಹೆಂಗ ಬಂತು? ಯಾರು ಬಿಚ್ಚಿ ಕೊಟ್ರು?"

ಓಬಳೇಶ ಹುಡುಗನ ಕಡೆ ಬಾಗಿದ.

"ಯಾರೂ ಬಿಚ್ಚಿ ಕೊಡಲಿಲ್ರಿ" ಎಂದ ಹುಡುಗ. "ನಾ ಕರದ್ನಿ. ಬಂತು."

"ಕರದ್ರ ಹೆಂಗ ಬರ್ತೈತಲೇ?" ಎಂದ ಓಬಳೇಶ.

"ಅಣ್ಣ ಕಲಿಸಿದ್ರು."

"ಯಾವ ಅಣ್ಣ?"

ಹುಡುಗ ಮೊದಲ ಸಲ ನನ್ನ ಮುಖ ನೋಡಿದ. "ನಿಮ್ಮನಿ ಅಣ್ಣ."

ಶಾಲೆ ತಪ್ಪಿಸಿ ಕೆರೆ ಏರಿಯ ಮೇಲೆ ಅಲೆಯುತ್ತಿದ್ದ ಅವನನ್ನು ನಮ್ಮವರು ಒಂದು ದಿನ ಕರೆದು ನೆರಳಿಗೆ ಕೂರಿಸಿಕೊಂಡರಂತೆ. ಮಾರನೆಯ ದಿನವೂ ಹೋದನಂತೆ. ಸರದಾರನಿಗೆ ಹುರುಳಿ ತಿನ್ನಿಸುವುದು, ಕೊಂಬಿನ ಬುಡ ತುರಿಸುವುದು, ದೂರ ನಿಂತು ಕರೆಯುವುದು, ಎಲ್ಲ ಅವರಿಂದಲೇ ಕಲಿತನಂತೆ. "ನಿಮ್ಮ ರೊಟ್ಟಿ ನಾನೂ ತಿಂದೀನ್ರಿ" ಎಂದ. ಒಂದು ಬೇಸಿಗೆಯಿಡೀ ಇವರು ಬುತ್ತಿಗೆ ಇನ್ನೆರಡು ರೊಟ್ಟಿ ಕಟ್ಟು ಎನ್ನುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಗಾಳಿಗೆ ಹಸಿವಾಗ್ತೈತಿ ಎಂದು ನನ್ನ ಮುಂದೆ ಹೇಳುತ್ತಿದ್ದರು.

"ಅಣ್ಣ ಹೋದ ಮ್ಯಾಲೆ ಆ ದೊಡ್ಡಾತ ಬಂದು ಟಗರು ತಂದುಕೊಟ್ರ ಮೊಬೈಲ್ ಕೊಡಸ್ತೀನಿ ಅಂದ. ಆಸಿ ಆತು. ತಪ್ಪು ನಂದಾ ರೀ" ಎಂದ. "ಅದು ದಾರಿಯುದ್ದಕ್ಕೂ ಅಣ್ಣ ಎಲ್ಯದಾರ ಅಂತ ನೋಡ್ಕೋತನಾ ಬಂತ್ರಿ. ಆತನ ಕೈಗೆ ಕೊಟ್ಟಾಗ ಒದರಿತು. ನಾ ಓಡಿಬಂದ್ನಿ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ರೊಟ್ಟಿ ತಿಂದ ಬಾಯಲ್ಲೇ ಕರಕೊಂಡು ಹೋಗ್ಯಾನ ನೋಡವ್ವಾ."

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅದರ ಜೊತೆಗೇ ಇನ್ನೊಂದು ಬಂತು. ಇವರು ಹೋದ ಮೇಲೆ ಇವರ ಬಗ್ಗೆ ಹೊಸದಾಗಿ ತಿಳಿಯುವುದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಒಂದು ಬೇಸಿಗೆಯಷ್ಟು ಈ ಹುಡುಗನ ಬಳಿ ಉಳಿದಿತ್ತು.

ಓಬಳೇಶನ ಕಡೆ ತಿರುಗಿದೆ. ಹೇಳಬೇಕಾದದ್ದು ಬಾಯಿಗೆ ಬರುವ ಮೊದಲೇ ಅವನು, "ಇರಲಿ ಬಿಡತ್ತಿಗಿ" ಎಂದು ಆರಿದ ಚಹಾ ಎತ್ತಿ ನನ್ನ ಕೈಗಿಟ್ಟ. ಆಮೇಲೆ ಹುಡುಗನಿಗೆ, "ಐತವಾರ ರೊಪ್ಪಕ್ಕ ಬಾ. ಕುರಿ ಹಿಕ್ಕಿ ಬಳಿಯೋದು ಐತಿ. ಒಂದು ವರ್ಷ ಬಳೀಬೇಕು ನೋಡು" ಎಂದ. ಮೇಡಂ ಅದನ್ನೇ ಮಂಡಳಿಗೆ ಬರೆದುಕೊಂಡರು. ಶಾಲೆಗೆ ಮತ್ತೆ ಸೇರುವುದು, ಆ ದೊಡ್ಡಾತ ಯಾರೆಂದು ಪೊಲೀಸರಿಗೆ ಹೇಳುವುದು, ಅದನ್ನೂ. ಹುಡುಗ ಎಲ್ಲಕ್ಕೂ ತಲೆಯಾಡಿಸಿದ.

ಏಳುವ ಹೊತ್ತಿಗೆ ನಾನು, "ಹೆಂಗ ಕರೀತಿದ್ದಿ, ಕರಿ ನೋಡೋಣ" ಎಂದೆ.

ಅವನು ನಾಚಿದ. ಅಜ್ಜಿ ತಿವಿದಳು. ನಾಲಿಗೆಯನ್ನು ಅಂಗುಳಿಗೆ ಹಚ್ಚಿ, ಟುರ್ರ್ ಎಂದು ಉರುಳಿಸಿ, ಕೊನೆಗೆ ಹೋ ಎಂದು ಮೇಲಕ್ಕೆತ್ತಿ ಬಿಟ್ಟ. ಸಂಜೆ ಹೊತ್ತು ಕೆರೆ ಏರಿಯ ಕಡೆಯಿಂದ ನಮ್ಮ ಅಡುಗೆಮನೆಗೆ ಕೇಳಿಸುತ್ತಿದ್ದ ಕೂಗು. ಅದೇ ಉರುಳು, ಅದೇ ಎತ್ತರ. ಓಬಳೇಶ ಗೋಡೆಯ ಕಡೆ ತಿರುಗಿದ, ಅವನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ, ನಾನು ಎರಡನ್ನೂ ಮಾಡುತ್ತಿದ್ದೆ.

"ಇನ್ನೊಂದು ಸಲ" ಎಂದೆ. "ಜೋರಾಗಿ ಕರಿ."

ಹುಡುಗ ಎದ್ದು ನಿಂತು, ಎದೆ ತುಂಬ ಉಸಿರು ಎಳೆದುಕೊಂಡ.